ಅಲ್ಲಿ ಮೂರು ಗಂಟೆ ಅಂದರೆ ಬೆಳಿಗ್ಗೆ ಒಂಬತ್ತು

ತಾಂಜಾನಿಯಾದ ಶಾಲೆಗೆ ಒಂದು ವರ್ಷ ವಾಲಂಟಿಯರ್ ಆಗಿ ಹೋಗ್ತಿದ್ದೀರಿ. ಮೊದಲ ವಾರದಲ್ಲೇ ಪಾಠ ಶುರು ಮಾಡಬೇಕು, ಬೇಗ ಹೊಂದಿಕೊಳ್ಳೋದು ಹೇಗೆ, ಏನೇನು ಒಯ್ಯಬೇಕು ಅಂತ ಕೇಳಿದ್ದೀರಿ. 2022ರ ಜುಲೈನಲ್ಲಿ ನಾನೂ ಇದೇ ಪ್ರಶ್ನೆ ಹೊತ್ತುಕೊಂಡು ಹೊರಟವನು. ಆ 'ಬೇಗ' ಅನ್ನುವ ಮಾತು ನನ್ನ ಮೂರು ತಿಂಗಳನ್ನು ತಿಂದುಹಾಕಿತು.

ನಾನು ಹಾವೇರಿ ಜಿಲ್ಲೆಯ ಸವಣೂರಿನವನು. ನನಗೆ ಸಿಕ್ಕಿದ್ದು ಇರಿಂಗಾ ಪ್ರಾಂತ್ಯದ ಒಂದು ಹಳ್ಳಿಯ ಹೈಸ್ಕೂಲು. ದಾರ್ ಎಸ್ ಸಲಾಮ್‌ನಿಂದ ಇರಿಂಗಾಕ್ಕೆ ಬಸ್ಸಿನಲ್ಲಿ ಸುಮಾರು 500 ಕಿಲೋಮೀಟರ್. ರಸ್ತೆ ಮಿಕುಮಿ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದು ಹೋಗುತ್ತದೆ. ಕಿಟಕಿಯಿಂದಲೇ ಜಿರಾಫೆ ಕಂಡವು. ಆದರೆ ನಾನು ಸೀಟು ಬಿಟ್ಟು ಎದ್ದು ನಿಂತಿದ್ದು ಅದಾದ ಮೇಲೆ, ರುವಾಹಾ ನದಿಯ ಕಣಿವೆಯಲ್ಲಿ. ರಸ್ತೆಯ ಎರಡೂ ಕಡೆ, ಗುಡ್ಡದ ತುಂಬ, ದೊಡ್ಡ ಹುಣಸೆ ಮರಗಳು! ಬಾವೊಬಾಬ್ ಅನ್ನುತ್ತಾರಲ್ಲ, ಅವೇ. ನಮ್ಮೂರಿನ ಮಠದಲ್ಲಿ ಅಂಥವು ಮೂರೇ ಮೂರಿವೆ, ಜನ ದೂರದಿಂದ ನೋಡಲು ಬರುತ್ತಾರೆ. ಇಲ್ಲಿ ಎಣಿಸಲಾಗದಷ್ಟು. ಕಣ್ಣು ತುಂಬಿ ಬಂತು.

ಹಳ್ಳಿ ಮುಟ್ಟಿದ ಮೇಲೂ ಹಾಗೇ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಆಟೋಗೆ ಬಜಾಜಿ ಅನ್ನುತ್ತಾರೆ. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಲಕ್ಷಕ್ಕೆ ಲಾಕಿ. ಚಪಾತಿ ಅಂದರೆ ಚಪಾತಿಯೇ, ಚಾಯಿ ಅಂದರೆ ಚಹಾನೇ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ದಂಟಿನ ಸೊಪ್ಪಿನ ಪಲ್ಯ. ಬೆಳಿಗ್ಗೆ ಉಲೇಜಿಯ ಗಂಜಿ ಕೊಟ್ಟರು. ಉಲೇಜಿ ಅಂದರೆ ನಮ್ಮ ರಾಗಿ. ರಾಗಿ ಮೊದಲು ಬೆಳೆದಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಆಮೇಲೆ ನಮ್ಮ ಕಡೆ ಬಂದದ್ದು. ಎರಡೇ ದಿನದಲ್ಲಿ ನನಗೆ ಈ ಊರು ಗೊತ್ತು ಅನ್ನಿಸಿಬಿಟ್ಟಿತು. ನಾನು ಕೆಟ್ಟಿದ್ದು ಅಲ್ಲೇ.

ಮೂರನೇ ದಿನ ಸಂಜೆ ಮುಖ್ಯೋಪಾಧ್ಯಾಯರು ಬಂದು, ನಾಳೆ ಮೂರಕ್ಕೆ ಪೋಷಕರು ಬರ್ತಾರೆ, ನಿಮ್ಮನ್ನು ನೋಡಬೇಕಂತೆ ಅಂದರು. ಮಾತಾಡಿದ್ದು ಇಂಗ್ಲಿಷಿನಲ್ಲಿ. ಆಗಲಿ ಸಾರ್ ಅಂದೆ. ಮರುದಿನ ಬೆಳಿಗ್ಗೆಯೆಲ್ಲ ಮನೆ ಹಿಂದೆ ಬಟ್ಟೆ ಒಗೆದೆ. ಸಾವಕಾಶ ಊಟ ಮಾಡಿದೆ. ಇಸ್ತ್ರಿ ಅಂಗಿ ಹಾಕಿಕೊಂಡು ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಶಾಲೆಗೆ ಹೋದೆ. ಮರದ ಕೆಳಗೆ ಬೆಂಚುಗಳು ಸಾಲಾಗಿದ್ದವು. ಒಬ್ಬರೂ ಇಲ್ಲ. ನಾಲ್ಕರ ತನಕ ಕೂತೆ. ಮುಖ್ಯೋಪಾಧ್ಯಾಯರು ಸಿಕ್ಕಾಗ ಕೇಳಿದೆ. ಅವರು 'ಹಮ್ನ ಶಿದ', ತೊಂದರೆಯಿಲ್ಲ ಅಂದರು. 'ಪೋಲೆ' ಅಂತಲೂ ಅಂದರು. ಪಾಪ, ದಣಿದಿದ್ದೀರಿ ಅನ್ನುವ ಥರದ ಮಾತು ಅದು. ಅಷ್ಟೇ. ಆ ರಾತ್ರಿ ನಾನು ಮನೆಗೆ ಮೆಸೇಜು ಹಾಕಿದೆ, ಇಲ್ಲಿಯವರಿಗೆ ಟೈಮಿನ ಬೆಲೆ ಗೊತ್ತಿಲ್ಲ ಅಂತ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ತಲೆ ತಗ್ಗುತ್ತದೆ.

ಸ್ವಾಹಿಲಿ ಮಾತಾಡುವವರು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ಅಲ್ಲಿ ಭೂಮಧ್ಯರೇಖೆ ಹತ್ತಿರ, ವರ್ಷವಿಡೀ ಹೆಚ್ಚು ಕಡಿಮೆ ಆರಕ್ಕೇ ಬೆಳಗಾಗುತ್ತದೆ, ಆರಕ್ಕೇ ಕತ್ತಲಾಗುತ್ತದೆ. ಹಾಗಾಗಿ ನಮ್ಮ ಬೆಳಗಿನ ಏಳು ಅವರಿಗೆ ಒಂದು, 'ಸಾ ಮೋಜಾ'. ನಮ್ಮ ಎಂಟು ಅವರಿಗೆ ಎರಡು. ನಮ್ಮ ಒಂಬತ್ತು ಅವರಿಗೆ ಮೂರು, 'ಸಾ ತಾತು'. ಸಂಜೆ ಏಳಕ್ಕೆ ಮತ್ತೆ ಒಂದರಿಂದ ಶುರು. ಮುಳ್ಳಿನ ಗಡಿಯಾರ ನೋಡಿ, ಸಣ್ಣ ಮುಳ್ಳು ತೋರಿಸುವ ಅಂಕಿಯ ಸರಿಯಾಗಿ ಎದುರಿಗಿರುವ ಅಂಕಿಯೇ ಅವರ ಗಂಟೆ. ಒಂಬತ್ತರ ಎದುರಿಗೆ ಮೂರು, ಹತ್ತರ ಎದುರಿಗೆ ನಾಲ್ಕು. ಗಡಿಯಾರ ನಮ್ಮದರ ಥರವೇ ಇಟ್ಟುಕೊಂಡಿರುತ್ತಾರೆ, ಓದುವುದು ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಮಾತಾಡುವಾಗ ಸಾಮಾನ್ಯವಾಗಿ ನಮ್ಮ ಲೆಕ್ಕಕ್ಕೆ ತಿರುಗಿಸಿ ಹೇಳುತ್ತಾರೆ. ಆ ಸಂಜೆ ಅವರು ತಿರುಗಿಸಲಿಲ್ಲ. ನಾನು ಕೇಳಲಿಲ್ಲ. 'ಬೆಳಿಗ್ಗೇನಾ, ಮಧ್ಯಾಹ್ನಾನಾ' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. 'ಅಸುಬುಹಿ' ಅಂದರೆ ಬೆಳಿಗ್ಗೆ, ಆ ಪದ ನನಗೆ ಗೊತ್ತೂ ಇತ್ತು. ಮೂರು ಅಂದರೆ ಮೂರೇ ಅಲ್ವಾ, ಅದರಲ್ಲಿ ಕೇಳೋದೇನಿದೆ ಅಂದುಕೊಂಡೆ. ಗೊತ್ತಿಲ್ಲದ್ದನ್ನು ನಾನು ಕೇಳುತ್ತಿದ್ದೆ. ಗೊತ್ತು ಅಂದುಕೊಂಡಿದ್ದನ್ನು ಕೇಳಲಿಲ್ಲ.

ಗೊತ್ತಾಗಿದ್ದು ಹತ್ತು ದಿನ ಬಿಟ್ಟು. ಪೇಟೆಗೆ ಹೋಗುವ ಬಸ್ಸು 'ಸಾ ಕುಮಿ ನ ಎಂಬಿಲಿ', ಅಂದರೆ ಹನ್ನೆರಡಕ್ಕೆ ಅಂದಿದ್ದರು. ನಡು ಮಧ್ಯಾಹ್ನ ಹೋಗಿ ನಿಂತೆ. ಬಸ್ಸು ಬೆಳಿಗ್ಗೆ ಆರಕ್ಕೇ ಹೋಗಿತ್ತು. ಬಾಳೆಹಣ್ಣು ಮಾರುವ ಅಜ್ಜಿಯೊಬ್ಬಳು ಮೂಡಣ ದಿಕ್ಕಿಗೆ ಕೈ ತೋರಿಸಿ, ಅಲ್ಲಿಂದ ಒಂದೊಂದೇ ಬೆರಳು ಮಡಚುತ್ತ ಲೆಕ್ಕ ಹೇಳಿಕೊಟ್ಟಳು. ನಮ್ಮ ಪಂಚಾಂಗದಲ್ಲೂ ಘಳಿಗೆ ಎಣಿಸುವುದು ಸೂರ್ಯೋದಯದಿಂದಲೇ. ನಮ್ಮಜ್ಜಿಯನ್ನು ಅಲ್ಲಿ ಬಿಟ್ಟಿದ್ದರೆ ಒಂದೇ ದಿನದಲ್ಲಿ ತಿಳಿದುಕೊಳ್ಳುತ್ತಿದ್ದಳು. ಬಾಳೆಹಣ್ಣಿನ ಅಜ್ಜಿ ಮೂರನೇ ಬೆರಳು ಮಡಚಿದಾಗ ನನಗೆ ಆ ಬೆಂಚುಗಳು ನೆನಪಾದವು.

ಅದು ಮೆಕ್ಕೆಜೋಳದ ಕೊಯ್ಲಿನ ಕಾಲ. ಆ ದಿನ ಪೋಷಕರು ಬೆಳಿಗ್ಗೆ ಒಂಬತ್ತಕ್ಕೇ ಬಂದಿದ್ದರು. ಕೆಲಸ ಬಿಟ್ಟು, ಒಂದೂವರೆ ತಾಸು ನಡೆದು ಬಂದವರಿದ್ದರು. ಒಬ್ಬ ತಾಯಿ ನನಗೆ ಅಂತ ಕೋಳಿ ತಂದಿದ್ದಳಂತೆ. ಮಧ್ಯಾಹ್ನದ ತನಕ ಕಾದು ಹೋದರು. ನಾನು ಅಷ್ಟೊತ್ತು ಇನ್ನೂರು ಗಜ ದೂರದಲ್ಲಿ ಬಟ್ಟೆ ಒಗೆಯುತ್ತಿದ್ದೆ, ಅವರಿಗೆ ಕಾಣುತ್ತಲೂ ಇದ್ದೆ. ಇದನ್ನೆಲ್ಲ ಹೇಳಿದ್ದು ಒಬ್ಬ ಸಹೋದ್ಯೋಗಿ, ಅದೂ ನಾನು ಕೆದಕಿ ಕೇಳಿದ ಮೇಲೆ. ಅಲ್ಲಿಯವರು ಮುಖದ ಮೇಲೆ ತಪ್ಪು ತೋರಿಸುವುದಿಲ್ಲ.

ಅದರ ಬೆಲೆ ಕೊಟ್ಟವರು ಮಕ್ಕಳು. ಅಲ್ಲಿ ಸರ್ಕಾರಿ ಪ್ರೈಮರಿ ಸ್ವಾಹಿಲಿಯಲ್ಲಿ, ಹೈಸ್ಕೂಲು ಇಂಗ್ಲಿಷಿನಲ್ಲಿ. ಫಾರ್ಮ್ ಒನ್ನಿಗೆ, ಅಂದರೆ ಹೈಸ್ಕೂಲಿನ ಮೊದಲ ವರ್ಷಕ್ಕೆ ಬಂದ ಮಗುವಿಗೆ ಲೆಕ್ಕ ಬಂದರೂ ಪ್ರಶ್ನೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಕನ್ನಡ ಶಾಲೆಯಿಂದ ಬಂದು ಪಿಯು ಸೈನ್ಸ್ ಸೇರಿದವರಿಗೆ ಈ ಸಂಕಟ ಗೊತ್ತು. ಅದಕ್ಕೇ ಸಂಜೆ ಒಂದು ತಾಸು ಗಣಿತ ಹೇಳಿಕೊಡೋಣ ಅಂತಿದ್ದೆ. ಆದರೆ ಸಂಜೆ ಮಕ್ಕಳು ನೀರು ತರಬೇಕು, ಮನೆ ನೋಡಬೇಕು. ಪೋಷಕರು ಒಪ್ಪದೆ ಉಳಿಯುವಂತಿಲ್ಲ. ತಮ್ಮನ್ನು ಬಿಸಿಲಲ್ಲಿ ಕಾಯಿಸಿದವನ ಹತ್ತಿರ ಯಾರು ಕಳಿಸುತ್ತಾರೆ? ಬಂದದ್ದು ನಾಲ್ಕೇ ಮಕ್ಕಳು.

ಆಮೇಲೆ ನಾನೇ ಮನೆ ಮನೆಗೆ ಹೋದೆ, ಪ್ರತಿ ಶನಿವಾರ, ಆ ಸಹೋದ್ಯೋಗಿಯ ಜೊತೆ. ಬಾಗಿಲ ಹೊರಗೆ ನಿಂತು 'ಹೋದಿ' ಅನ್ನಬೇಕು. ಒಳಗಿನಿಂದ 'ಕರಿಬು' ಅಂದ ಮೇಲೆ ಕಾಲಿಡಬೇಕು. ಹಿರಿಯರಿಗೆ 'ಶಿಕಮೋ' ಅನ್ನಬೇಕು. ಕಾಲು ಹಿಡಿಯುತ್ತೇನೆ ಅನ್ನುವ ಅರ್ಥದಿಂದ ಬಂದ ಮಾತಂತೆ ಅದು. ಅವರು 'ಮರಹಬಾ' ಅನ್ನುತ್ತಾರೆ. ಕೂತು ಉಗಾಲಿ ತಿಂದು, 'ಸಮಹಾನಿ', ಕ್ಷಮಿಸಿ ಅಂದೆ. ಗಂಟೆಯ ಕಥೆ ಹೇಳಿದೆ. ಅಕ್ಟೋಬರ್ ಹೊತ್ತಿಗೆ ಸಂಜೆ ಕ್ಲಾಸು ತುಂಬಿತು. ಕೋಳಿ ತಂದಿದ್ದ ತಾಯಿಯ ಮಗಳೇ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಅದಕ್ಕೇ ಹೇಳುತ್ತೇನೆ, ಮೊದಲ ವಾರದಲ್ಲಿ ಪಾಠ ಮಾಡಬೇಡಿ. ಮೊದಲ ತಿಂಗಳೇ ಬೇಡ. ನಿಮ್ಮ ಸಂಸ್ಥೆಯವರು ಒತ್ತಾಯ ಮಾಡಿದರೂ ಟೈಮು ಕೇಳಿ ತೆಗೆದುಕೊಳ್ಳಿ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬೇರೆಯವರ ಪಾಠ ಕೇಳಿ, ಪೋಷಕರ ಮನೆಗೆ ಹೋಗಿ. 'ಹರಾಕ ಹರಾಕ ಹೈನಾ ಬರಾಕ' ಅಂತ ಅಲ್ಲೊಂದು ಗಾದೆ ಇದೆ. ಅವಸರದ ಕೆಲಸಕ್ಕೆ ಬರಕತ್ತಿಲ್ಲ ಅಂತ. ಬರಕತ್ತು ಅನ್ನುವ ಮಾತು ನಮ್ಮ ಕಡೆಯೂ ಇದೆ, ನಿಮಗೂ ಗೊತ್ತಿರಬಹುದು.

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೇಳೆ, ಮಸಾಲೆ ದಾರ್ ಎಸ್ ಸಲಾಮ್‌ನಲ್ಲಿ ಸಿಗುತ್ತವೆ. ಮಲೇರಿಯಾ ಮಾತ್ರೆ ಬಗ್ಗೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ. ಪ್ಲಾಸ್ಟಿಕ್ ಕೈಚೀಲ ಒಯ್ಯಬೇಡಿ, 2019ರ ಜೂನ್‌ನಿಂದ ಅಲ್ಲಿ ನಿಷೇಧ. ಮುಳ್ಳಿನ ಕೈಗಡಿಯಾರ ಕಟ್ಟಿಕೊಂಡು ಹೋಗಿ, ಮೊಬೈಲಿನಲ್ಲಿ ಎದುರಿನ ಅಂಕಿ ಕಾಣುವುದಿಲ್ಲ. ಯಾವ ಪ್ರಾಂತ್ಯ ಅಂತ ನೀವು ಬರೆದಿಲ್ಲ. ಇರಿಂಗಾ ಕಡೆಯಾದರೆ ಅದು ಸುಮಾರು 1,600 ಮೀಟರ್ ಎತ್ತರದ ಜಾಗ, ಜೂನ್ ಜುಲೈನಲ್ಲಿ ಗಡಗಡ ನಡುಗಿಸುತ್ತದೆ. ಒಂದು ದಪ್ಪ ಸ್ವೆಟರ್ ಇಟ್ಟುಕೊಳ್ಳಿ. ದಾರಿಯಲ್ಲಿ ರುವಾಹಾ ಕಣಿವೆ ಬಂದಾಗ ಮಲಗಿರಬೇಡಿ.