ಸೈಲೆಂಟ್‌ನಲ್ಲಿದ್ದ ಮೊಬೈಲ್ ಕೂಗಿದ್ದೇಕೆ?

ಪ್ರಶ್ನೆ: ಮೊನ್ನೆ ರಾತ್ರಿ ಸೈಲೆಂಟ್‌ನಲ್ಲಿದ್ದ ನನ್ನ ಮೊಬೈಲ್ ಸೈರನ್‌ನಂತೆ ಕೂಗಿ ಭಾರೀ ಮಳೆಯ ಎಚ್ಚರಿಕೆ ತೋರಿಸಿತು. ಪಕ್ಕದಲ್ಲೇ ಇದ್ದ ಅಮ್ಮನ ಕೀಪ್ಯಾಡ್ ಮೊಬೈಲ್ ಮಾತ್ರ ತುಟಿ ಬಿಚ್ಚಲಿಲ್ಲ. ಸರಕಾರಕ್ಕೆ ನನ್ನ ನಂಬರ್ ಸಿಕ್ಕಿದ್ದು ಎಲ್ಲಿಂದ? ಮಲ್ಪೆಯಿಂದ ಆಳಸಮುದ್ರ ಮೀನುಗಾರಿಕೆಗೆ ಹೋಗುವ ತಮ್ಮನಿಗೂ ಇದು ಸಿಗುತ್ತದೆಯೇ?
– ಓದುಗರು, ಕಟಪಾಡಿ

ಉತ್ತರ: ನಿಮ್ಮ ನಂಬರ್ ಯಾರಿಗೂ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಎಸ್‌ಎಂಎಸ್ ಅಂಚೆಯವನ ಹಾಗೆ ವಿಳಾಸ ಹಿಡಿದು ಮನೆ ಮನೆ ಹತ್ತುತ್ತದೆ. ನಿಮಗೆ ಬಂದದ್ದು ಸೆಲ್ ಬ್ರಾಡ್‌ಕಾಸ್ಟ್, ಅದು ಡಂಗುರ. ಟವರ್ ಸಾರುತ್ತದೆ, ಅದರ ವ್ಯಾಪ್ತಿಯಲ್ಲಿರುವ ಮೊಬೈಲ್‌ಗಳು ಏಕಕಾಲಕ್ಕೆ ಕೇಳಿಸಿಕೊಳ್ಳುತ್ತವೆ. ಆದ್ದರಿಂದಲೇ ಕರೆಗಳ ದಟ್ಟಣೆ ಇದನ್ನು ತಡೆಯದು, ಇಂಟರ್ನೆಟ್ ಪ್ಯಾಕ್ ಕೂಡ ಬೇಡ. ಕೃಷ್ಣ ಮಠಕ್ಕೆ ಬಂದ ಪರವೂರಿನವರಿಗೂ ಬರುತ್ತದೆ; ಮುಂಬೈಯಲ್ಲಿರುವ ನಿಮ್ಮ ನೆಂಟರಿಗೆ, ಉಡುಪಿಯಲ್ಲಿ ಪಡೆದ ನಂಬರ್ ಆದರೂ, ಬರದು. ಕೇಂದ್ರ ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಈ ವ್ಯವಸ್ಥೆಯನ್ನು ಕರ್ನಾಟಕದಲ್ಲಿ 2023ರ ಅಕ್ಟೋಬರ್ 12ರಂದು ಪರೀಕ್ಷಿಸಿದ್ದರು. ಅಂದು ಬೆಚ್ಚಿಬಿದ್ದು ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಆಫ್ ಮಾಡಿದವರಿದ್ದರೆ ದಯವಿಟ್ಟು ಮತ್ತೆ ಆನ್ ಮಾಡಿ.

ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎಂದಷ್ಟೇ ತಿಳಿದವರು ನಮ್ಮಲ್ಲಿ ಬಹಳ. ಮಳೆಯ ಮಟ್ಟಿಗೆ ಅದರ ಅರ್ಥ, 24 ಗಂಟೆಯಲ್ಲಿ 204 ಮಿ.ಮೀ. ಮೀರಿ ಸುರಿಯಬಹುದು ಎಂದು. ರಜೆಯ ನಕಲಿ ಆದೇಶವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಉತ್ಸಾಹದಲ್ಲಿ ಅರ್ಧದಷ್ಟನ್ನಾದರೂ ಇಂಥ ನಿಜವಾದ ಎಚ್ಚರಿಕೆಗೆ ತೋರಿಸಬಾರದೇ?

ಅಮ್ಮನ ಮೊಬೈಲ್‌ನಲ್ಲಿ ಈ ಸೌಲಭ್ಯ ಇಲ್ಲದಿರಬಹುದು. ಹಳೆಯ ಕೀಪ್ಯಾಡ್ ಮಾದರಿಗಳಲ್ಲಿ ಅದು ಸಾಮಾನ್ಯ. ಅವರಿಗೆ ಸೆಲ್ ಹಾಕುವ ಒಂದು ರೇಡಿಯೋ ತಂದುಕೊಡಿ. ಗಾಳಿಮಳೆಗೆ ಕರೆಂಟ್ ಹೋಗಿ, ಟವರ್‌ನ ಬ್ಯಾಟರಿಯೂ ಬರಿದಾದ ಮೇಲೆ ಆಕಾಶವಾಣಿ ಮಂಗಳೂರು ಕೇಂದ್ರವೇ ಗತಿ.

ತಮ್ಮನ ವಿಷಯ ಬೇರೆ. ದಡ ಬಿಟ್ಟು ದೂರ ಹೋದಂತೆ ಟವರ್ ಸಿಗದು, ಡಂಗುರವೂ ಕೇಳಿಸದು. 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಅನೇಕ ಮೀನುಗಾರರು ಸಮುದ್ರದಲ್ಲೇ ಸಿಕ್ಕಿಕೊಂಡದ್ದಕ್ಕೆ ಇದೂ ಒಂದು ಕಾರಣ. ಅದಾದ ಮೇಲೆ 2019ರಲ್ಲಿ ಜೆಮಿನಿ ಎಂಬ ಪುಟ್ಟ ಸಾಧನ ಬಂತು: ಉಪಗ್ರಹದಿಂದ ಎಚ್ಚರಿಕೆ ಹಿಡಿದು ಬ್ಲೂಟೂತ್ ಮೂಲಕ ಮೊಬೈಲ್‌ಗೆ ದಾಟಿಸುತ್ತದೆ. ಆದರೆ ಅದು ಕೇಳಬಲ್ಲದು, ಮರುಮಾತು ಕಳುಹಿಸಲಾರದು. 2024ರಲ್ಲಿ ಕೇಂದ್ರ ಸರಕಾರ ಚಾಲನೆ ಕೊಟ್ಟ ಯೋಜನೆಯ ಟ್ರಾನ್ಸ್‌ಪಾಂಡರ್‌ಗೆ (ಬೋಟಿನಲ್ಲಿ ಅಳವಡಿಸುವ ಉಪಗ್ರಹ ಸಂಪರ್ಕ ಸಾಧನ) ಎರಡೂ ಬರುತ್ತದೆ. ಮಳೆಗಾಲದ ಮೀನುಗಾರಿಕೆ ರಜೆಯ ಎರಡು ತಿಂಗಳು ಕಳೆದು ಆಗಸ್ಟ್‌ನಲ್ಲಿ ಬೋಟು ಇಳಿಯುವ ಮೊದಲು, ಇವುಗಳಲ್ಲಿ ಯಾವುದಿದೆ, ಅದು ಚಾಲೂ ಇದೆಯೇ ಎಂದು ಬೋಟು ನಡೆಸುವ ತಾಂಡೇಲರನ್ನೇ ಕೇಳಲು ತಮ್ಮನಿಗೆ ಹೇಳಿ.