ಮೊದಲ ಲೆವೆಲ್‌ನಲ್ಲೇ ವಿಝರ್ಡ್ ಸತ್ತಳು, ಈಗೇನು ಮಾಡಲಿ?

ಪ್ರಶ್ನೆ: ನಾನು ಹೊಸದಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ದಾಳ ಹಾಕುತ್ತಾ ಕತೆಯೊಳಗಿನ ಪಾತ್ರಗಳಾಗಿ ಆಡುವ ಆಟವನ್ನು ಆಡಿಸಲು ಶುರು ಮಾಡಿದ್ದೇನೆ. ಕತೆ ನಡೆಸುವುದು, ಶತ್ರುಗಳ ದಾಳ ಹಾಕುವುದು ನಾನೇ. ಐದನೇ ಆವೃತ್ತಿ, 2014ರ ನಿಯಮ. ನಾಲ್ವರು ಗೆಳೆಯರು, ಎಲ್ಲರ ಪಾತ್ರವೂ 1ನೇ ಲೆವೆಲ್, ಅಂದರೆ ಆರಂಭದ ಹಂತ. ಮೊದಲ ಫೈಟ್‌ಗೆ ನಾಲ್ಕು ಗಾಬ್ಲಿನ್ ಇಟ್ಟೆ. ಮೊದಲ ರೌಂಡ್‌ನಲ್ಲೇ (ಎಲ್ಲರಿಗೂ ಒಂದೊಂದು ಸರದಿ) ವಿಝರ್ಡ್, ಅಂದರೆ ಮಂತ್ರವಾದಿ ಪಾತ್ರ, ಬಿದ್ದಳು. ಎರಡನೇ ರೌಂಡ್‌ನಲ್ಲಿ ಪಕ್ಕದಲ್ಲಿದ್ದ ಎರಡು ಗಾಬ್ಲಿನ್ ಅವಳ ಮೇಲೇ ಕತ್ತಿ ಬೀಸಿದವು, ಸತ್ತೇಹೋದಳು. ಅದನ್ನು ಆಡುತ್ತಿದ್ದ ಗೆಳತಿ ವಾರವಿಡೀ ಕೂತು ಆ ಪಾತ್ರ ಕಟ್ಟಿದ್ದಳು. ನಾನು ದಾಳದ ಸಂಖ್ಯೆ ಬದಲಾಯಿಸಿ ಹೇಳಬೇಕಿತ್ತಾ?

ಉತ್ತರ: ಬೇಡ, ದಾಳವನ್ನು ಮುಟ್ಟಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಅಲ್ಲಿ ಏನಾಯಿತು ಅಂತ ನೋಡೋಣ.

ಗಾಬ್ಲಿನ್ ಅಂದರೆ ಪುಟ್ಟ ಶತ್ರು, ನಾಲ್ವರಿಗೆ ನಾಲ್ಕು ಸರಿಹೋಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ನಿಯಮ ಪುಸ್ತಕದ ಲೆಕ್ಕವನ್ನೇ ಹಾಕಿ. ಒಂದು ಗಾಬ್ಲಿನ್‌ಗೆ 50 ಎಕ್ಸ್‌ಪಿ (ಗೆದ್ದರೆ ಸಿಗುವ ಅನುಭವದ ಅಂಕ), ನಾಲ್ಕಕ್ಕೆ 200. ಶತ್ರುಗಳು ಮೂರರಿಂದ ಆರರವರೆಗೆ ಇದ್ದರೆ ಅದನ್ನು ಎರಡರಿಂದ ಗುಣಿಸಬೇಕು, 400 ಆಯಿತು. 1ನೇ ಲೆವೆಲ್‌ನ ನಾಲ್ವರಿಗೆ 'ಡೆಡ್ಲಿ' ಅನ್ನುವ ಗೆರೆ ಇರುವುದೂ ಸರಿಯಾಗಿ 400ರಲ್ಲೇ. ಅಂದರೆ ನೀವು ಸುಮ್ನೆ ಶುರುವಾತಿಗೆ ಅಂತ ಇಟ್ಟದ್ದು ಪುಸ್ತಕದ ಪ್ರಕಾರವೇ ಪ್ರಾಣ ಹೋಗಬಹುದಾದ ಕಾಳಗ. ಒಂದು ಗಾಬ್ಲಿನ್ ಕಡಿಮೆ ಮಾಡಿದ್ದರೆ 'ಹಾರ್ಡ್'. ಎರಡೇ ಇದ್ದಿದ್ದರೆ ಗುಣಕ ಒಂದೂವರೆ, ಮೊತ್ತ 150. ಅದು 'ಈಝಿ'ಯಲ್ಲೇ ನಿಲ್ಲುತ್ತಿತ್ತು.

ಈಗ ವಿಝರ್ಡ್ ಕಡೆಯಿಂದ ನೋಡಿ. ಅವಳ ಪಾತ್ರಕ್ಕೆ 8 ಹಿಟ್ ಪಾಯಿಂಟ್ (ಏಟು ತಡೆದುಕೊಳ್ಳುವ ಶಕ್ತಿ), ಆರ್ಮರ್ ಕ್ಲಾಸ್ 12 (ಏಟು ತಾಗಲು ಶತ್ರುವಿನ ದಾಳ ಮುಟ್ಟಬೇಕಾದ ಮೊತ್ತ) ಅಂದುಕೊಳ್ಳೋಣ. ಗಾಬ್ಲಿನ್ ದಾಳಕ್ಕೆ 4 ಸೇರಿಸುತ್ತದೆ. ಹಾಗಾಗಿ ಡಿ20ಯಲ್ಲಿ, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ, 8 ಬಿದ್ದರೆ ಸಾಕು, ಏಟು ತಾಗಿತು. ಶೇಕಡಾ 65 ಸಲ ತಾಗುತ್ತದೆ. ತಾಗಿದರೆ ಪೆಟ್ಟು 1ಡಿ6 (ಆರು ಮುಖದ ಒಂದು ದಾಳ) ಜೊತೆ 2. ಆರು ಬಿದ್ದರೆ ಒಂದೇ ಏಟಿಗೆ 8 ಪಾಯಿಂಟ್ ಖಾಲಿ! ನಾಲ್ಕೂ ಗಾಬ್ಲಿನ್ ಅವಳ ಮೇಲೇ ಬಿದ್ದರೆ ಒಂದು ರೌಂಡ್‌ಗೆ ಸರಾಸರಿ 15 ಪಾಯಿಂಟ್ ಪೆಟ್ಟು. ಅದೇ ನಾಲ್ಕು, ಚೈನ್ ಮೇಲ್ ಕವಚ ತೊಟ್ಟು ಗುರಾಣಿ ಹಿಡಿದ ಫೈಟರ್ ಮೇಲೆ ಬಿದ್ದರೆ ಸುಮಾರು 8. ಅವನ ಹತ್ತಿರ 12 ಪಾಯಿಂಟ್ ಇರುತ್ತದೆ, ಒಂದು ರೌಂಡ್ ತಡೆದುಕೊಳ್ಳುತ್ತಾನೆ. ಹಾಗಾಗಿ ಮೊದಲ ಲೆವೆಲ್‌ನಲ್ಲಿ ಶತ್ರುವಿನ ಬಲಕ್ಕಿಂತ ಹೆದರಬೇಕಾದದ್ದು, ಒಂದು ರೌಂಡ್‌ನಲ್ಲಿ ಒಬ್ಬರ ಮೇಲೆ ಎಷ್ಟು ಏಟು ಬೀಳುತ್ತದೆ ಅನ್ನುವುದಕ್ಕೆ.

ಒಂಟಿ ಶತ್ರುವೂ ಅಪಾಯವೇ ಆಗಬಹುದು. ಆರ್ಕ್‌ನ ಕೊಡಲಿಗೆ 1ಡಿ12 ಜೊತೆ 3. ಕ್ರಿಟ್ ಬಿದ್ದರೆ, ಅಂದರೆ ಡಿ20ಯಲ್ಲಿ 20 ಬಂದರೆ, ಎರಡು ಡಿ12. 8 ಪಾಯಿಂಟ್ ಇರುವ ಪಾತ್ರಕ್ಕೆ ಒಂದೇ ಏಟಿನಲ್ಲಿ 16 ತಾಗಿದರೆ ಡೆತ್ ಸೇವ್ (ಬದುಕುಳಿಯಲು ಹಾಕುವ ದಾಳ) ಕೂಡ ಇಲ್ಲ, ಅಲ್ಲೇ ಸಾವು. ಆರ್ಕ್‌ನ ಕ್ರಿಟ್ ಅರ್ಧಕ್ಕಿಂತ ಜಾಸ್ತಿ ಸಲ 16 ಮುಟ್ಟುತ್ತದೆ. ಇಪ್ಪತ್ತರಲ್ಲಿ ಒಂದು ಸಲ ಬರುವ ಸಂಖ್ಯೆಗೆ ಹೊಸ ಆಟಗಾರ್ತಿಯ ಮೊದಲ ಸಂಜೆಯನ್ನು ಒಪ್ಪಿಸಬೇಡಿ. ಆ ಆರ್ಕ್ ಕೈಗೆ ಕೊಡಲಿ ಬದಲು ಒಂದು ದೊಣ್ಣೆ ಕೊಡಿ. ಯಾರಿಗೂ ಏನೂ ಕಡಿಮೆ ಅನಿಸುವುದಿಲ್ಲ.

ನಿಮ್ಮ ಕಾಳಗದಲ್ಲಿ ನಿಜವಾಗಿ ಪ್ರಾಣ ತೆಗೆದದ್ದು ಎರಡನೇ ರೌಂಡ್. ಸೊನ್ನೆಗೆ ಬಂದ ಪಾತ್ರ ಬೀಳುತ್ತದೆ, ಸಾಯುವುದಿಲ್ಲ. ಪ್ರತಿ ಸರದಿಗೂ ಡಿ20, ಹತ್ತು ಅಥವಾ ಮೇಲೆ ಬಂದರೆ ಗೆಲುವು, ಮೂರು ಸಲ ಸೋತರೆ ಸಾವು. ಗೆಳೆಯರಿಗೆ ಓಡಿಬಂದು ಎತ್ತಲು ಸಮಯ ಸಿಗುತ್ತದೆ. ಆದರೆ ಎಚ್ಚರ ತಪ್ಪಿ ಬಿದ್ದವರಿಗೆ ಐದು ಅಡಿ ಒಳಗಿಂದ ಹೊಡೆದರೆ, ತಾಗಿದ ಪ್ರತಿ ಏಟೂ ಕ್ರಿಟ್. ಒಂದು ಕ್ರಿಟ್‌ಗೆ ಎರಡು ಸೋಲು. ಎರಡು ಏಟಿಗೆ ನಾಲ್ಕು. ಅವಳಿಗೆ ಒಂದು ಸಲವೂ ದಾಳ ಹಾಕುವ ಅವಕಾಶ ಸಿಕ್ಕಿರಲಿಕ್ಕಿಲ್ಲ, ಅಲ್ವಾ? ಬೇಜಾರಾದದ್ದು ಸಾವಿಗಿಂತ ಜಾಸ್ತಿ ಇದಕ್ಕೇ ಇರಬಹುದು.

ಗಾಬ್ಲಿನ್‌ಗಳು ಬಿದ್ದವರನ್ನು ಯಾಕೆ ಹೊಡೆಯಬೇಕು? ಎದುರಿಗೆ ಕತ್ತಿ ಹಿಡಿದ ಫೈಟರ್ ಬರುತ್ತಿದ್ದಾನೆ. ಅವು ಅತ್ತ ತಿರುಗುತ್ತವೆ. ಇಲ್ಲಾ ಬಿದ್ದವಳ ಕಾಲು ಹಿಡಿದು ಗುಹೆಯೊಳಗೆ ಎಳೆದುಕೊಂಡು ಹೋಗುತ್ತವೆ. ಹತ್ತಿರದ ಏಟಿನಿಂದ ಸೊನ್ನೆಗೆ ತಂದವರು ಕೊಲ್ಲದೆ ಎಚ್ಚರ ತಪ್ಪಿಸಬಹುದು ಅಂತ ನಿಯಮದಲ್ಲೇ ಇದೆ. ಅದು ಆಟಗಾರರಿಗೆ ಮಾತ್ರ ಇರುವ ಸವಲತ್ತಲ್ಲ, ಗಾಬ್ಲಿನ್‌ಗಳಿಗೂ ಇದೆ. ಸೆರೆಸಿಕ್ಕ ವಿಝರ್ಡ್ ಅಂದರೆ ಮುಂದಿನ ವಾರದ ಕತೆ ನಿಮ್ಮ ಕೈಯಲ್ಲೇ ಇದ್ದ ಹಾಗೆ.

ಇನ್ನು ದಾಳದ ವಿಷಯ. ನಾನೂ ಶುರುವಿನಲ್ಲಿ ದಾಳ ಮರೆಮಾಡುವ ಪರದೆಯ ಹಿಂದೆ ಸಂಖ್ಯೆ ಬದಲಾಯಿಸುತ್ತಿದ್ದೆ. ಒಂದು ಸಂಜೆ ಕ್ಲೆರಿಕ್‌ಗೆ ತಾಗಬೇಕಾದ ಏಟನ್ನು "ತಪ್ಪಿತು" ಅಂದೆ. ಅದನ್ನು ಆಡುತ್ತಿದ್ದವರು ಗುಣಪಡಿಸುವ ಮಂತ್ರಕ್ಕೆ ಅಂತ ಕೈಯಲ್ಲಿ ಹಿಡಿದಿದ್ದ ದಾಳವನ್ನು ಮೆತ್ತಗೆ ಮೇಜಿನ ಮೇಲಿಟ್ಟರು. "ನಮ್ಮನ್ನು ಸಾಯೋಕೆ ಬಿಡಲ್ಲ ಬಿಡಿ" ಅಂದರು. ಆ ಸಂಜೆ ಮತ್ತೆ ಯಾರೂ ಬಾಗಿಲಿನ ಹಿಂದೆ ಕಿವಿಗೊಟ್ಟು ಕೇಳಲಿಲ್ಲ, ಯಾರೂ ಬಲೆ ಹುಡುಕಲಿಲ್ಲ. ಅಂದಿನಿಂದ ಎಲ್ಲರ ಕಣ್ಣೆದುರೇ ದಾಳ ಹಾಕುತ್ತೇನೆ. ಕರುಣೆ ತೋರಿಸುವುದಿದ್ದರೆ ದಾಳ ಉರುಳುವ ಮೊದಲೇ ತೋರಿಸಿ. ಎಷ್ಟು ಶತ್ರು, ಯಾವ ಆಯುಧ, ಯಾರ ಮೇಲೆ ಬೀಳುತ್ತವೆ, ಎಲ್ಲಾ ಒಟ್ಟಿಗೆ ಬರುತ್ತವಾ ಇಲ್ಲಾ ಎರಡು ಮೊದಲು, ಎರಡು ಆಮೇಲೆ ಬರುತ್ತವಾ. ಇದೆಲ್ಲ ನಿಮ್ಮ ಕೈಯಲ್ಲಿದೆ. ಕಾಳಗಕ್ಕೆ ಮುಂಚೆ ಸುಳಿವೂ ಕೊಡಿ. ದಾರಿಯಲ್ಲಿ ಬಾಣ ನೆಟ್ಟ ಎರಡು ಕುದುರೆ ಸತ್ತು ಬಿದ್ದಿದ್ದರೆ ವಿಝರ್ಡ್ ತಾನಾಗಿಯೇ ಹಿಂದೆ ನಿಲ್ಲುತ್ತಾಳೆ.

ನಿಮ್ಮ ಗೆಳತಿ ಜೊತೆ ಕೂತು ಮಾತಾಡಿ. ಆ ಪಾತ್ರ ನಿಜಕ್ಕೂ ಸತ್ತಿತಾ, ಗಾಬ್ಲಿನ್‌ಗಳು ಎಳೆದೊಯ್ದವಾ ಅಂತ ಅವಳನ್ನೇ ಕೇಳಿ. ಒಂದು ಸಲ ಮುಕ್ತವಾಗಿ ಹೇಳಿ ನಡೆದದ್ದನ್ನು ಬದಲಾಯಿಸಿದರೆ ಆಟವೇನೂ ಕೆಡುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಯಾರೂ ಸಾಯುವುದಿಲ್ಲ. ಆದರೆ ಒಂದು ಸಣ್ಣ ಕಾಳಗಕ್ಕೂ ಒಂದೂವರೆ ಗಂಟೆ ಹಿಡಿಯುತ್ತದೆ. ಕೊನೆಕೊನೆಗೆ ಎಲ್ಲರೂ ಫೋನ್ ನೋಡುತ್ತಾ ಕೂರುತ್ತಾರೆ.

ಉತ್ತರ: ಒಂದು ರೌಂಡ್ ಅಂದರೆ ಆಟದೊಳಗೆ ಆರು ಸೆಕೆಂಡ್. ನಾಲ್ಕು ರೌಂಡ್ ಆಡಿದ್ದರೆ ಇಪ್ಪತ್ನಾಲ್ಕು ಸೆಕೆಂಡ್‌ಗೆ ಒಂದೂವರೆ ಗಂಟೆ ಹೋಯಿತು. ಮೇಜಿನ ಸುತ್ತ ಎಂಟು ಸರದಿ, ಒಂದೊಂದಕ್ಕೆ ಮೂರು ನಿಮಿಷ ಅಂದರೂ ಅಷ್ಟಾಗಿಬಿಡುತ್ತದೆ.

ಮೂರು ನಿಮಿಷವನ್ನು ಒಂದಕ್ಕೆ ಇಳಿಸುವುದು ಸುಲಭ. ಒಬ್ಬರ ಸರದಿ ಶುರುವಾದಾಗಲೇ ಮುಂದಿನವರ ಹೆಸರನ್ನೂ ಹೇಳಿ. ಏಟಿನ ದಾಳ ಮತ್ತು ಪೆಟ್ಟಿನ ದಾಳ ಒಟ್ಟಿಗೇ ಉರುಳಲಿ. ಶತ್ರುಗಳ ಪೆಟ್ಟಿಗೆ ದಾಳ ಬೇಡ, ಪುಸ್ತಕದಲ್ಲಿ ಕೊಟ್ಟ ಸರಾಸರಿ ಬಳಸಿ. ಗಾಬ್ಲಿನ್‌ಗೆ ಅದು 5. ಇದರಲ್ಲಿ ಇನ್ನೊಂದು ಲಾಭ ಇದೆ: 8 ಪಾಯಿಂಟ್‌ನ ವಿಝರ್ಡ್ ಕ್ರಿಟ್ ಬೀಳದ ಹೊರತು ಒಂದೇ ಏಟಿಗೆ ಬೀಳುವುದಿಲ್ಲ.

ಆದರೆ ಬೇಸರ ಹುಟ್ಟುವುದು ಬೇರೆ ಕಡೆ. ಯಾರು ಗೆಲ್ಲುತ್ತಾರೆ ಅಂತ ಎರಡನೇ ರೌಂಡ್‌ಗೇ ಎಲ್ಲರಿಗೂ ಗೊತ್ತಾಗಿರುತ್ತದೆ. ಕಾಳಗ ಮಾತ್ರ ಐದನೇ ರೌಂಡ್‌ವರೆಗೆ ನಡೆಯುತ್ತದೆ. ಯಾಕೆಂದರೆ ಕೊನೆಯ ಗಾಬ್ಲಿನ್ ಕೂಡ ಪ್ರಾಣ ಹೋಗುವ ತನಕ ಹೋರಾಡುತ್ತಿದೆ. ಯಾಕೆ ಹೋರಾಡಬೇಕು? ಅದಕ್ಕೂ ಜೀವದ ಆಸೆ ಇದೆ. ಇದೇ ಆಟದ 1981ರ ಬೇಸಿಕ್ ಆವೃತ್ತಿಯಲ್ಲಿ ಇದಕ್ಕೆ ಮೊರಾಲ್ (ಧೈರ್ಯ) ಅನ್ನುವ ಚೆಂದದ ನಿಯಮ ಇತ್ತು. ಮೊದಲ ಸಾವಾದಾಗ ಒಮ್ಮೆ, ಗುಂಪಿನ ಅರ್ಧ ಬಿದ್ದಾಗ ಇನ್ನೊಮ್ಮೆ ಎರಡು ಡಿ6 ಹಾಕಬೇಕು. ಶತ್ರುವಿನ ಮೊರಾಲ್‌ಗಿಂತ ಜಾಸ್ತಿ ಬಂದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಮೊರಾಲ್ 7 ಅಂತ ಇಟ್ಟುಕೊಂಡರೆ ಪ್ರತಿ ಸಲ ಸುಮಾರು ಶೇಕಡಾ 42 ಸಾಧ್ಯತೆ. ಅದನ್ನು ಹಾಗೆಯೇ ಎತ್ತಿ ನಿಮ್ಮ ಆಟಕ್ಕೆ ಹಾಕಿಕೊಳ್ಳಿ. ಫೈಟ್ ಬೇಗ ಮುಗಿಯುತ್ತದೆ, ಅಪಾಯ ತಾನಾಗಿಯೇ ಇಳಿಯುತ್ತದೆ. ಓಡಿಹೋದವನು ಯಾರಿಗೆ ಸುದ್ದಿ ಮುಟ್ಟಿಸುತ್ತಾನೆ ಅಂತ ಆಟಗಾರರು ತಾವೇ ತಲೆ ಕೆಡಿಸಿಕೊಳ್ಳುತ್ತಾರೆ.

ಪ್ರಶ್ನೆ: ಹಳಬರು "ಮೊದಲ ಲೆವೆಲ್‌ನಲ್ಲಿ ಸಾಯೋದೇ ಮಜಾ" ಅನ್ನುತ್ತಾರೆ. ನಾವು ನೇರ 3ನೇ ಲೆವೆಲ್‌ನಿಂದ ಶುರು ಮಾಡಿದರೆ ತಪ್ಪಾ?

ಉತ್ತರ: ತಪ್ಪಲ್ಲ. 8 ಪಾಯಿಂಟ್‌ನ ವಿಝರ್ಡ್ 3ನೇ ಲೆವೆಲ್‌ಗೆ 20 ಮುಟ್ಟುತ್ತಾಳೆ, 12ರ ಫೈಟರ್ 28. ಒಂದು ಕೆಟ್ಟ ದಾಳಕ್ಕೆ ಯಾರೂ ಹೋಗುವುದಿಲ್ಲ. ಆದರೆ ಎಲ್ಲರೂ ಹೊಸಬರಾದರೆ ನಾನು 1ನೇ ಲೆವೆಲ್‌ನಿಂದಲೇ ಶುರು ಮಾಡುತ್ತೇನೆ. 3ನೇ ಲೆವೆಲ್‌ನ ಹಾಳೆಯಲ್ಲಿ ಓದುವುದೇ ಜಾಸ್ತಿ. ಮೊದಲ ಸಂಜೆ ಮುಗಿದಾಗ 2, ಇನ್ನೊಂದು ಸಂಜೆಗೆ 3 ಕೊಟ್ಟುಬಿಡಿ.

ಹಳಬರ ಮಾತೂ ಸುಳ್ಳಲ್ಲ. ಆದರೆ ಅವರ ಆಟದ ಉಳಿದ ನಿಯಮಗಳೂ ಬೇರೆ ಇದ್ದವು. ಆಗ ವಿಝರ್ಡ್‌ಗೆ 1ಡಿ4 ಪಾಯಿಂಟ್, ಸೊನ್ನೆಗೆ ಬಂದರೆ ಸಾವು. ಅದರ ಜೊತೆಗೆ ಎಕ್ಸ್‌ಪಿಯ ಬಹುಪಾಲು ನಿಧಿಯಿಂದ ಬರುತ್ತಿತ್ತು, ಕೊಂದದ್ದಕ್ಕೆ ಸಿಗುತ್ತಿದ್ದದ್ದು ಸ್ವಲ್ಪ. ಹಾಗಾಗಿ ಕಾಳಗ ತಪ್ಪಿಸಿ ಚಿನ್ನ ಎತ್ತಿಕೊಂಡು ಬರುವವರೇ ಜಾಣರು. ಹೊಸ ಪಾತ್ರ ಕಟ್ಟಲು ಕೆಲವೇ ನಿಮಿಷ ಸಾಕಿತ್ತು. ವಾರವಿಡೀ ಪಾತ್ರ ಕಟ್ಟಿಸಿ, ಕಾಳಗಕ್ಕೇ ಎಕ್ಸ್‌ಪಿ ಕೊಟ್ಟು, ಸಾವನ್ನು ಮಾತ್ರ ಹಳೆಯ ಆಟದಿಂದ ತಂದರೆ ಆಟಗಾರರಿಗೆ ಅನ್ಯಾಯ.

ಆ ರುಚಿಯೇ ಬೇಕು ಅಂದರೆ 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಅನ್ನುವ ಇನ್ನೊಂದು ಆಟ ಆಡಿ ನೋಡಿ. ಅದರಲ್ಲಿ ಒಬ್ಬೊಬ್ಬರ ಕೈಗೂ ಸೊನ್ನೆ ಲೆವೆಲ್‌ನ ಹಲವು ಹಳ್ಳಿಗರು ಬರುತ್ತಾರೆ, ರೈತ, ಕಮ್ಮಾರ ಹೀಗೆ. ಎಲ್ಲರನ್ನೂ ಗುಹೆಗೆ ನುಗ್ಗಿಸುತ್ತೀರಿ. ಬದುಕಿ ಹೊರಬಂದವರೇ ನಿಮ್ಮ 1ನೇ ಲೆವೆಲ್ ಪಾತ್ರ. ಮೂವರನ್ನು ಕಳೆದುಕೊಂಡು, ಕೈಯಲ್ಲಿ ಒಂದು ಗುದ್ದಲಿ ಮಾತ್ರ ಇರುವ ರೈತನನ್ನು ಉಳಿಸಿಕೊಂಡ ಆಟಗಾರರು ಅವನನ್ನು ನೋಡಿಕೊಳ್ಳುವ ರೀತಿಯೇ ಬೇರೆ.