ನೆರೆಕರೆ ಮಾತುಕತೆ: ‘ಏನಾದ್ರೂ ಬೇಕಾದ್ರೆ ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ

ಪ್ರಶ್ನೆ: ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ. ಮಗ ದುಬೈಯಲ್ಲಿ, ಮಗಳು ಬೆಂಗಳೂರಲ್ಲಿ. ಏನಾದರೂ ಬೇಕಾ ಅಂತ ಯಾವಾಗ ಕೇಳಿದರೂ ‘ಏನೂ ಬೇಡ ಮಗಾ’ ಅನ್ನುತ್ತಾರೆ. ಸಹಾಯ ಮಾಡುವುದು ಹೇಗೆ?
– ಓದುಗ, ಬದಿಯಡ್ಕ

ಉತ್ತರ: ಹಾಗೆ ಕೇಳಿದರೆ ನಾನೂ ಬೇಡ ಅಂತಲೇ ಹೇಳುತ್ತೇನೆ. ಬೇಕು ಅನ್ನುವುದು ಬೇಡಿದ ಹಾಗೆ ಆಗುತ್ತದೆ ಅಲ್ವಾ? ಕೇಳುವ ಬದಲು ಒಂದು ಕೆಲಸ ಹಿಡಿದುಕೊಂಡು ಹೋಗಿ. ‘ಅಜ್ಜಿ, ನಾಳೆ ನನಗೆ ಪೇಟೆಗೆ ಹೋಗ್ಲಿಕ್ಕುಂಟು, ಮಾತ್ರೆ ಚೀಟಿ ಕೊಡಿ’ ಅನ್ನಿ. ಹೇಗೂ ಹೋಗುವವ ಅಂತ ಗೊತ್ತಾದರೆ ಚೀಟಿ ಹೊರಗೆ ಬರುತ್ತದೆ.

ಇನ್ನೊಂದು ಕೆಲಸ ನಮ್ಮ ಊರಿನದ್ದೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಅದಕ್ಕೂ ಮೊದಲು ಕನ್ನಡ ಶಾಲೆಗೆ ಹೋದ ಎಷ್ಟೋ ಅಜ್ಜಿಯಂದಿರಿಗೆ ಈಗಲೂ ಮಲಯಾಳಂ ಕಾಗದ ಓದಲು ಬರುವುದಿಲ್ಲ. ಪಂಚಾಯತಿನಿಂದ, ಬ್ಯಾಂಕಿನಿಂದ ಬಂದದ್ದೆಲ್ಲ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಯಾರಲ್ಲಾದರೂ ಓದಿಸುವಷ್ಟರಲ್ಲಿ ತಾರೀಕು ದಾಟಿರುತ್ತದೆ. ಕೂತು ಓದಿ ಹೇಳಿ. ಪಿಂಚಣಿಯ ಮಸ್ಟರಿಂಗ್, ಅಂದರೆ ಪಡೆಯುವವರು ಬದುಕಿದ್ದಾರೆ ಅಂತ ಖಾತ್ರಿ ಮಾಡುವ ಕೆಲಸ, ಆಗಿದೆಯಾ ಅಂತಲೂ ನೋಡಿ, ಅದು ತಪ್ಪಿದರೆ ದುಡ್ಡು ನಿಲ್ಲುತ್ತದೆ. ನಡೆಯಲು ಆಗದಿದ್ದರೆ ಅದನ್ನು ಮಾಡಿಕೊಡುವ ಸರಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಮೊದಲೇ ತಿಳಿಸಿ, ಹಾಸಿಗೆ ಹಿಡಿದವರ ಮನೆಗೆ ಅವರೇ ಬಂದು ಮಾಡಿಕೊಡುವ ಕ್ರಮ ಇದೆ. ಎಟಿಎಂ ಕಾರ್ಡು, ಪಿನ್ ಮಾತ್ರ ನಿಮ್ಮ ಕೈಗೆ ಬೇಡ, ಅವರು ಒತ್ತಾಯ ಮಾಡಿದರೂ ಬೇಡ. ನಾಳೆ ಲೆಕ್ಕದಲ್ಲಿ ನೂರು ರೂಪಾಯಿ ಹೆಚ್ಚುಕಮ್ಮಿಯಾದರೆ ಇಷ್ಟು ದಿನ ಮಾಡಿದ್ದೆಲ್ಲ ಹೊಳೆಗೆ ಹೋಗುತ್ತದೆ.

ಮತ್ತೆ, ಅವರಿಂದಲೂ ಏನಾದರೂ ತೆಗೆದುಕೊಳ್ಳಿ. ಕರಿಬೇವು ಕೇಳಿ. ಕಣಿಲೆ (ಎಳೆ ಬಿದಿರು) ನೀರಲ್ಲಿ ಎಷ್ಟು ದಿನ ಹಾಕಿಡಬೇಕು ಅಂತ ಕೇಳಿ. ನೀವು ಪತ್ರೊಡೆ ಕೊಟ್ಟ ಪಾತ್ರೆ ಖಾಲಿ ಬರುವುದಿಲ್ಲ, ನಾಲ್ಕು ಹಪ್ಪಳವಾದರೂ ಇರುತ್ತದೆ. ‘ಅಯ್ಯೋ, ಯಾಕೆ ಅಜ್ಜಿ’ ಅಂತ ವಾಪಸ್ ಕೊಡಬೇಡಿ ಮಾರಾಯ್ರೇ, ಸುಮ್ನೆ ಒಳಗೆ ತಗೊಂಡು ಹೋಗಿ. ಆ ಹಪ್ಪಳ ಕೊಟ್ಟ ಮೇಲೆಯೇ ಅವರು ಇನ್ನೊಂದು ಸಲ ನಿಮ್ಮನ್ನು ಧೈರ್ಯವಾಗಿ ಕರೆಯುವುದು.

ಪ್ರಶ್ನೆ: ಬಡವರಿಗೆ ಕಿಟ್ ಕೊಟ್ಟ ಫೋಟೋ ಸ್ಟೇಟಸ್‌ಗೆ ಹಾಕಬಹುದಾ? ಬೇರೆಯವರಿಗೂ ಮನಸ್ಸು ಬರಲಿ ಅಂತ.
– ಮಂಜೇಶ್ವರ

ಉತ್ತರ: ಕಿಟ್‌ನ ಫೋಟೋ ಹಾಕಿ. ತೆಗೆದುಕೊಂಡವರ ಮುಖ ಬೇಡ. ಅವರ ಮಗಳ ಕ್ಲಾಸಿನವರ ಫೋನಲ್ಲೂ ವಾಟ್ಸಾಪ್ ಇದೆ.

ಪ್ರಶ್ನೆ: ನಮ್ಮ ದಾರಿಯಲ್ಲಿ, ಗೇರು ತೋಟಕ್ಕೆ ಹೊಡೆಯುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ನಿಂದ ಹಾಸಿಗೆ ಹಿಡಿದ ಮಗ ಇರುವ ಮನೆ ಇದೆ. ಹೋಗಬೇಕು ಅನಿಸುತ್ತದೆ, ಆದರೆ ಹೋಗಿ ಏನು ಮಾತಾಡುವುದು, ಏನು ಕೊಂಡುಹೋಗುವುದು?
– ಓದುಗಳು, ಪೆರ್ಲ

ಉತ್ತರ: ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸುವುದು 2000ಕ್ಕೇ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೇ ಆ ಔಷಧಿ ಬೇಡ ಅಂತು. 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂತಲೂ ಹೇಳಿತು. ಇದೆಲ್ಲ ಆದರೂ ಆ ಮಗನನ್ನು ದಿನಾ ಮಗ್ಗುಲು ತಿರುಗಿಸುವುದು, ಒರೆಸುವುದು, ಗಂಜಿ ಕುಡಿಸುವುದು ತಾಯಿಯೇ. ಅವರು ತಮ್ಮನ ಮನೆಯ ಪೂಜೆಗೂ ಹೋಗದೆ ಎಷ್ಟು ಕಾಲವಾಯಿತೋ.

ಹಣ್ಣು ತಗೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಜಾಸ್ತಿ ಬೇಕಾದ್ದು ಮಧ್ಯಾಹ್ನ ಎರಡು ತಾಸಿನ ಬಿಡುವು. ಆ ಹೊತ್ತು ಮಗನ ಹತ್ತಿರ ಕೂತುಕೊಳ್ಳುವವರು ಒಬ್ಬರು ಇದ್ದರೆ ತಾಯಿ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಬಹುದು, ಮಲಗಿ ನಿದ್ದೆ ಹೊಡೆಯಬಹುದು. ಮೊದಲ ದಿನವೇ ಬಿಟ್ಟುಹೋಗಲು ಅವರಿಗೆ ಧೈರ್ಯ ಬರಲಿಕ್ಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೇಗೆ ಎತ್ತುವುದು, ತಲೆ ಎಷ್ಟು ಎತ್ತರಕ್ಕೆ ಇಟ್ಟು ಕುಡಿಸುವುದು ಅಂತ ಅವರಿಂದಲೇ ಕಲಿಯಿರಿ. ಸ್ವಂತ ಬುದ್ಧಿಯಿಂದ ಬಾಯಿಗೆ ಏನೂ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಪಂಚಾಯತಿನ ಪಾಲಿಯೇಟಿವ್ (ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ಕಮ್ಮಿ ಮಾಡುವ ಆರೈಕೆ) ನರ್ಸ್ ಮನೆಗೆ ಬರುವ ದಿನ ನೀವೂ ಹೋದರೆ ಸರಿಯಾಗಿ ತೋರಿಸಿಕೊಡುತ್ತಾರೆ. ಪಾಲಿಯೇಟಿವ್ ಆರೈಕೆಗೆ ಅಂತ 2008ರಲ್ಲಿ, ದೇಶದಲ್ಲೇ ಮೊದಲು, ನೀತಿ ಮಾಡಿದ್ದು ಕೇರಳ. ಆ ಕೆಲಸದಲ್ಲಿ ನೆರೆಕರೆಯವರಿಗೂ ಪಾಲಿದೆ.

ಮಾತು ಏನು ಅಂತೀರಾ? ಅಡಿಕೆ ರೇಟು, ಮಳೆ, ಬಸ್ಸು. ಮಗನ ಹೆಸರು ಹಿಡಿದು ಕರೆದು ಅವನ ಹತ್ತಿರವೂ ಮಾತಾಡಿ. ‘ಪಾಪ’ ಅನ್ನುವ ಮಾತು ಮಾತ್ರ ಗೇಟಿನ ಹೊರಗೇ ಇರಲಿ.

ಪ್ರಶ್ನೆ: ನೆರೆಮನೆಯವರು ಪ್ರತಿ ಬೇಸಿಗೆ, ನೀರಿಗೆ ಅಂತ ಗುಡ್ಡ ಕೊರೆದು ಮಾಡಿದ ನಮ್ಮ ಸುರಂಗದ ನೀರು ತಗೊಂಡವರು. ಈಗ ಬೋರ್‌ವೆಲ್ ಹಾಕಿಸಿದ ಮೇಲೆ ಮುಖ ತಿರುಗಿಸಿ ಹೋಗುತ್ತಾರೆ. ಉಪಕಾರ ಮಾಡಿದ್ದೇ ತಪ್ಪಾ?
– ಓದುಗರು, ಎಣ್ಮಕಜೆ

ಉತ್ತರ: ನೀರು ಕೊಟ್ಟದ್ದು ತಪ್ಪಲ್ಲ. ಏಪ್ರಿಲ್‌ನಲ್ಲಿ ಸುರಂಗದ ನೀರು ದಾರದಷ್ಟು ಸಪೂರ ಆಗುವಾಗಲೂ ಪಾಲು ಕೊಟ್ಟಿದ್ದೀರಿ, ಅದು ದೊಡ್ಡ ಮಾತೇ. ಆದರೆ ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡಿ: ಆ ನೀರಿನ ಸುದ್ದಿ ನೀವು ಎಷ್ಟು ಮದುವೆ ಊಟದಲ್ಲಿ ಹೇಳಿದ್ದೀರಿ? ಹೇಳಿಯೇ ಇಲ್ಲ ಅಂತಾದರೆ ಅವರು ಸ್ವಲ್ಪ ಸಣ್ಣ ಮನಸ್ಸಿನವರು, ಬಿಟ್ಟುಬಿಡಿ. ಹೇಳಿದ್ದು ಹೌದಾದರೆ, ಮುಂದಿನ ವಾರ ಅವರ ಮನೆಗೆ ಹೋಗಿ ಏಣಿ ಕೇಳಿ ತನ್ನಿ. ನಿಮ್ಮಲ್ಲಿ ಏಣಿ ಇದ್ದರೂ ಪರವಾಗಿಲ್ಲ.